ರಾಚಪ್ಪ ಹೆಣೆದ ಗೋಲಿನ ಬಲೆ

ಬಿಸಿಲು ಅಂಗಳಕ್ಕೆ ಇಳಿಯುವ ವೇಳೆಗೆ ಬನಶಂಕರಿ ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಮೊದಲು ಗುಡಿಯ ಪಕ್ಕದ ಮನೆಯದು, ಆಮೇಲೆ ಅದರ ಎದುರಿನದು, ಆಮೇಲೆ ಓಣಿಯ ತುದಿಯದು. ಈಗ ಉಳಿದಿರುವ ಮಗ್ಗಗಳೇ ಅಷ್ಟು. ನಮ್ಮ ಬೆಟಗೇರಿಯ ನೇಕಾರರು ಅಮಾವಾಸ್ಯೆಯ ದಿನ ಮಾತ್ರ ಮಗ್ಗಕ್ಕೆ ಬಿಡುವು ಕೊಡುತ್ತಾರೆ. ಬೇರೆ ದಿನ ಹೀಗೆ ಸದ್ದಡಗಿದರೆ ಏಕೆಂದು ಯಾರೂ ಕೇಳುವುದಿಲ್ಲ. ಯಾರ ಮನೆಯಲ್ಲಿ ಎಂದು ಮಾತ್ರ ಕೇಳುತ್ತಾರೆ.

ದಾವಲಸಾಬ ಆಗ ನನ್ನೊಳಗೆ ಉಳ್ಳಾಗಡ್ಡಿ ತುಂಬುತ್ತಿದ್ದ. ಕೈ ನಿಲ್ಲಿಸಿ ಕಿವಿಗೊಟ್ಟ. ನೀರಿಗೆ ಹೋಗಿದ್ದ ಅವನ ಹೆಂಡತಿ ಮಾಬುಬಿ ಕೊಡವನ್ನು ಸೊಂಟದಿಂದ ಇಳಿಸುವ ಮೊದಲೇ ಸುದ್ದಿ ಹೇಳಿದಳು.

"ರಾಚಪ್ಪ ಮುತ್ಯಾ ಹ್ವಾದ್ನಂತ್ರಿ. ಉಂಡು ಮಲಗಿದಾವ ಮುಂಜಾನೆ ಎದ್ದೇ ಇಲ್ಲಂತ."

ದಾವಲಸಾಬ ನನ್ನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಿಂತ. ಅವನ ಗಡ್ಡ ಈಗ ಪೂರಾ ಬೆಳ್ಳಗಾಗಿದೆ. ಕಡೆಗೆ, "ನಿದ್ದ್ಯಾಗ ಹ್ವಾದ. ಅಷ್ಟು ಸಾಕು," ಎಂದ.

ಹೊರಗಿನವರ ಕಿವಿಗೆ ಇದು ಒಣ ಮಾತಿನಂತೆ ಕೇಳಬಹುದು. ನನಗೆ ಹಾಗೆ ಕೇಳಿಸಲಿಲ್ಲ. ರಾಚಪ್ಪನಿಗೆ ನಿದ್ದೆ ಬಾರದಿದ್ದ ದಿನಗಳನ್ನು ನಾನು ಕಂಡಿದ್ದೇನೆ. ಆ ದಿನಗಳಿಗೆ ಕಾರಣವೂ ನಾನೇ ಆಗಿದ್ದೆ. ನನ್ನನ್ನು ಹೆಣೆದ ಕೈ ಇಂದು ತಣ್ಣಗಾಗಿದೆ. ಅಳಲು ನನಗೆ ಕಣ್ಣೀರಿಲ್ಲ. ಆದ್ದರಿಂದ ನನ್ನ ಕಥೆಯನ್ನೇ ಹೇಳುತ್ತೇನೆ. ನನ್ನ ಕಥೆ ಹೇಳಿದರೆ ಅವನದನ್ನು ಹೇಳಿದಂತೆಯೇ.

ನಾನು ಒಂದು ಗೋಲಿನ ಬಲೆ. ಹಾಕಿ ಆಟದ ಗೋಲಿನ ಕಂಬಗಳಿಗೆ ಕಟ್ಟುವ ಬಲೆ. ಈಗ ದಾವಲಸಾಬನ ಮನೆಯ ಪಡಸಾಲೆಯ ಜಂತಿಯಲ್ಲಿ ಉಳ್ಳಾಗಡ್ಡಿ ಹೊತ್ತು ತೂಗುತ್ತಿದ್ದೇನೆ.

ನಾನು ಹುಟ್ಟಿದ್ದು ಒಂದು ಜಗಳದಿಂದ. ಹತ್ತಿ ಮಾರುಕಟ್ಟೆಯ ಹಿಂದಿನ ಬಯಲಿನಲ್ಲಿ ನಮ್ಮ ಓಣಿಯ ಹುಡುಗರು ಹಾಕಿ ಆಡುತ್ತಿದ್ದರು. ಬರಿಗಾಲು, ಗೇಣು ಗೇಣಿಗೆ ತಂತಿ ಸುತ್ತಿದ ಕೋಲು, ಅಪ್ಪಂದಿರ ಧೋತರ ಹರಿದು ಹೊಲಿದ ಅಂಗಿ. ಅವರನ್ನು ಆಡಿಸುತ್ತಿದ್ದವರು ಶಾಲೆಯ ಡ್ರಿಲ್ ಮಾಸ್ತರರಾದ ಸಣ್ಣಬಸಪ್ಪನವರು. ಗೋಲಿಗೆ ಎರಡು ಕಂಬವಿತ್ತು, ಬಲೆ ಇರಲಿಲ್ಲ. ಚೆಂಡು ಕಂಬದ ಒಳಗೆ ಹೋಯಿತೋ ಹೊರಗೆ ಹೋಯಿತೋ ಎಂದು ಪ್ರತಿ ಪಂದ್ಯದಲ್ಲೂ ವಾದ. ಒಂದು ವರ್ಷ ವಾದ ಕೈಕೈ ಮಿಲಾಯಿಸುವವರೆಗೆ ಬೆಳೆಯಿತು. ಪಂದ್ಯಾವಳಿ ನಡೆಸುವ ಹಿರಿಯರು, ಬಲೆ ಕಟ್ಟಿದರೆ ಮಾತ್ರ ಈ ಸಲದ ಕಿರಿಯರ ಅಂತಿಮ ಪಂದ್ಯ ಬೆಟಗೇರಿಯಲ್ಲಿ, ಇಲ್ಲವಾದರೆ ಬೇರೆ ಊರಿನಲ್ಲಿ ಎಂದುಬಿಟ್ಟರು.

ಮಾಸ್ತರರು ಈ ಸುದ್ದಿಯನ್ನು ಗುಡಿಯ ಕಟ್ಟೆಯ ಮೇಲೆ ಹೇಳಿದಾಗ ನೇಕಾರರು ನಕ್ಕರಂತೆ. ಊರಿಗೆಲ್ಲ ಸೀರೆ ಉಡಿಸುವವರಿಗೆ ಒಂದು ಬಲೆ ದೊಡ್ಡದೇ ಎಂದರಂತೆ. ಓಣಿಯಲ್ಲಿ ಕೈಕೆಲಸಕ್ಕೆ ಹೆಸರಾಗಿದ್ದವನು ರಾಚಪ್ಪ. ನಡುವಯಸ್ಸಿನವನು, ಕಡ್ಡಿಯಂಥ ಮೈ, ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಅವನು ಕಟ್ಟಿದ ಗಂಟು ಬಿಚ್ಚುವುದಿಲ್ಲ ಎಂಬುದು ಓಣಿಯ ನಂಬಿಕೆ, ಅವನದೂ ಕೂಡ. ಬಲೆಯ ಕೆಲಸ ಅವನ ಮೇಲೆ ಬಿತ್ತು.

ಮಗ್ಗದಲ್ಲಿ ಕಡಿದು ಉಳಿದ ನೂಲಿನ ತುಣುಕುಗಳನ್ನು ಮನೆ ಮನೆಯಿಂದ ತಂದರು. ಅವುಗಳನ್ನು ಸೇರಿಸಿ ಹುರಿ ಮಾಡಿದರು. ಕೆಂಪು, ಹಸಿರು, ಹಳದಿ, ಎಲ್ಲವೂ ನನ್ನ ಮೈಯಲ್ಲಿವೆ. ಯಾರ ಮಗಳ ಮದುವೆಯ ಸೀರೆಯ ದಾರ, ಯಾವ ದೇವಿಗೆ ಉಡಿಸಿದ ಸೀರೆಯ ದಾರ ಎಂದು ಹೆಂಗಸರು ತೋರಿಸಿ ಹೇಳುತ್ತಿದ್ದರು. ಹುರಿಯೇನೋ ಆಯಿತು. ಆದರೆ ಬಲೆ ಹೆಣೆಯುವುದು ನೇಕಾರರಿಗೆ ತಿಳಿಯದು. ಅದು ತಿಳಿದಿದ್ದವನು ಚಕ್ಕಡಿ ಹೊಡೆಯುವ ಹುಸೇನಸಾಬ. ಮೇವು ತುಂಬುವ ಜಾಳಿಗೆಯನ್ನೂ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯನ್ನೂ ಅವನೇ ಹೆಣೆದುಕೊಳ್ಳುತ್ತಿದ್ದ. ಅವನ ಮಗನೇ ದಾವಲ, ಇಂದಿನ ಈ ದಾವಲಸಾಬ, ನಮ್ಮ ತಂಡದ ಗೋಲ್‌ಕೀಪರ್.

ಹುಸೇನಸಾಬ ರಾಚಪ್ಪನ ಎದುರು ಕುಕ್ಕರಗಾಲಿನಲ್ಲಿ ಕುಳಿತು ಕಲಿಸಿದ. ನೇಕಾರನ ಗಂಟು ಸಣ್ಣದು. ಅದು ಮಗ್ಗದ ಹಣಿಗೆಯ ಹಲ್ಲುಗಳ ನಡುವೆ ನುಸುಳಿ ಹೋಗಬೇಕು, ಬಟ್ಟೆಯ ಮೇಲೆ ಕಾಣಿಸಬಾರದು. ಅದಕ್ಕಾಗಿ ನೇಕಾರ ಗಂಟು ಹಾಕಿದ ಕೂಡಲೇ ಉಳಿದ ತುದಿಯನ್ನು ಬುಡಕ್ಕೇ ಕತ್ತರಿಸುತ್ತಾನೆ. ರಾಚಪ್ಪನ ಕೈಯೂ ಹಾಗೆಯೇ ಕತ್ತರಿಯ ಕಡೆ ಹೋಗುತ್ತಿತ್ತು. ಹುಸೇನಸಾಬ ಮತ್ತೆ ಮತ್ತೆ ತಡೆಯುತ್ತಿದ್ದ.

"ಬಾಲ ಬಿಡೋ ರಾಚಣ್ಣ. ಇದು ಸೀರಿ ಅಲ್ಲ. ಇದನ್ನ ಉಟ್ಕೊಳ್ಳಾಕ ಯಾರೂ ಬರೂದಿಲ್ಲ."

ಹೀಗೆ ನಾನು ಹುಟ್ಟಿದೆ. ನನ್ನ ಜೊತೆಗೆ, ಬಯಲಿನ ಆಚೆ ತುದಿಯ ಗೋಲಿಗೆಂದು, ಒಬ್ಬ ತಮ್ಮನೂ ಹುಟ್ಟಿದ. ಇಬ್ಬರನ್ನೂ ಬನಶಂಕರಿಯ ಮುಂದಿಟ್ಟು ಕುಂಕುಮ ಹಚ್ಚಿದರು. ಪೂಜೆ ಮುಗಿದ ಮೇಲೆ ರಾಚಪ್ಪನ ಹೆಂಡತಿ ಶಂಕ್ರವ್ವ ನನ್ನನ್ನು ಒಳಗೆ ಒಯ್ದು, ಜೋಳದ ಹಿಟ್ಟಿನ ಗಂಜಿ ಕಾಯಿಸಿ, ಅದರಲ್ಲಿ ಚೆನ್ನಾಗಿ ಅದ್ದಿ, ಹಿಂಡಿ, ಹಿತ್ತಲಲ್ಲಿ ಒಣಹಾಕಿದಳು. ಏಕೆಂದು ಯಾರೂ ಕೇಳಲಿಲ್ಲ. ನೂಲಿಗೆ ಗಂಜಿ ಹಾಕದೆ ಬಿಡುವ ಮನೆ ಆ ಓಣಿಯಲ್ಲಿ ಇರಲಿಲ್ಲ. ಗೋಲಿನ ಬಲೆಗೆ ಗಂಜಿ ಬೇಕೇ ಎಂಬ ಪ್ರಶ್ನೆ ಒಬ್ಬರಿಗೂ ಹೊಳೆಯಲಿಲ್ಲ. ತಮ್ಮನ ಸರದಿ ಬರುವಷ್ಟರಲ್ಲಿ ಗಂಜಿ ತೀರಿತು. ಅದು ಅವನ ಪುಣ್ಯ.

ಶಂಕ್ರವ್ವನಿಗೆ ಒಂದು ಆಡಿತ್ತು. ಹೆಸರು ಚಂದ್ರಿ. ಅಂತಿಮ ಪಂದ್ಯದ ಹಿಂದಿನ ದಿನ ಮನೆಯವರೆಲ್ಲ ಮಗ್ಗದಲ್ಲಿದ್ದಾಗ ಚಂದ್ರಿ ಹಿತ್ತಲಿಗೆ ಬಂದಳು. ನನ್ನ ವಾಸನೆ ಹಿಡಿದಳು, ನೆಕ್ಕಿದಳು, ರುಚಿಯಾಗಿ ಕಂಡಿತು. ನನ್ನ ಒಂದು ಬದಿಯ ಕೆಳಮೂಲೆಯನ್ನು ಸಾವಧಾನವಾಗಿ ತಿಂದಳು. ನಾನು ಜೀವಮಾನದಲ್ಲಿ ಬಹಳ ಏಟು ತಿಂದಿದ್ದೇನೆ. ನನ್ನನ್ನೇ ತಿಂದದ್ದು ಚಂದ್ರಿ ಒಬ್ಬಳೇ.

ರಾಚಪ್ಪ ನೋಡಿದ. ಶಂಕ್ರವ್ವನಿಗೂ ಅವನಿಗೂ ಗಂಜಿಯ ಬಗ್ಗೆ ಒಂದಿಷ್ಟು ಮಾತಾಯಿತು. ಹುಸೇನಸಾಬನನ್ನು ಕರೆಯೋಣವೆಂದರೆ ಅವನು ಹತ್ತಿಯ ಹೇರು ತುಂಬಿಕೊಂಡು ಲಕ್ಷ್ಮೇಶ್ವರಕ್ಕೆ ಹೋಗಿದ್ದ. ರಾಚಪ್ಪ, ಇಷ್ಟಕ್ಕೆಲ್ಲ ಅವನೇಕೆ ಬೇಕು ಎಂದು ತಾನೇ ಕುಳಿತ. ಅವಸರದ ಕೆಲಸ, ಎದುರಿಗೆ ತಡೆಯುವವರಿಲ್ಲ. ಕೈ ತನ್ನ ಹಳೆಯ ದಾರಿಯನ್ನೇ ಹಿಡಿಯಿತು. ಸಣ್ಣ ಗಂಟು ಹಾಕಿದ, ಬಾಲವನ್ನು ಬುಡಕ್ಕೇ ಕತ್ತರಿಸಿದ. ತೇಪೆ ಎಲ್ಲಿದೆ ಎಂದು ಹುಡುಕಿದರೂ ಕಾಣದ ಹಾಗೆ ಮಾಡಿದ. ಎರಡು ಕೈಯಿಂದ ಜಗ್ಗಿ ನೋಡಿದ. ಕಲ್ಲಿನಂತೆ ನಿಂತಿತು.

ಮರುದಿನ ಅಮಾವಾಸ್ಯೆ. ಮಗ್ಗಗಳಿಗೆ ಬಿಡುವು. ಓಣಿಗೆ ಓಣಿಯೇ ಬಯಲಿಗೆ ಬಂದಿತ್ತು. ಹೆಂಗಸರು ಚುರುಮರಿ ಕಟ್ಟಿಕೊಂಡು ಬಂದಿದ್ದರು. ಹೊರಗಿನ ಊರೊಂದರ ಹುಡುಗರು ನಮ್ಮವರಿಗೆ ಎದುರಾಳಿ. ಅವರ ಕಾಲಲ್ಲಿ ಬೂಟು ಇದ್ದವು. ದಾವಲ ನನ್ನ ಮುಂದೆ ನಿಂತಿದ್ದ. ಅವನ ಕಾಲಿಗೆ ಕಟ್ಟಿದ್ದ ಪ್ಯಾಡುಗಳು ದೊಡ್ಡವರವು, ತೊಡೆಯವರೆಗೂ ಬರುತ್ತಿದ್ದವು. ಅವನ ಹಿಮ್ಮಡಿ ಮಣ್ಣಿನಲ್ಲಿ ಊರಿದ್ದು, ಬೆನ್ನಿನ ಬೆವರು, ಒಳಗೊಳಗೇ ಹೇಳಿಕೊಳ್ಳುತ್ತಿದ್ದ ಪ್ರಾರ್ಥನೆ, ಎಲ್ಲವೂ ನನಗೆ ಹತ್ತಿರ. ಗೋಲ್‌ಕೀಪರನ ಬೆನ್ನನ್ನು ಬಲೆಯಷ್ಟು ಬಲ್ಲವರು ಯಾರೂ ಇಲ್ಲ.

ಎರಡೂ ಕಡೆ ಒಂದೊಂದು ಗೋಲಾಗಿತ್ತು. ಆಟ ಮುಗಿಯಲು ಬಂದಿತ್ತು. ಎದುರಾಳಿ ಹುಡುಗನೊಬ್ಬ ಮೂಲೆಯ ಕಡೆಯಿಂದ ಚೆಂಡನ್ನು ಬಿರುಸಾಗಿ ಹೊಡೆದ. ದಾವಲ ಕಂಬಕ್ಕೆ ಒತ್ತಿಕೊಂಡು ಆ ಬದಿಯನ್ನು ಪೂರಾ ಮುಚ್ಚಿದ್ದ. ಚೆಂಡು ಕಂಬದ ಹೊರಗಿನಿಂದ ಹಾಯ್ದು ನನ್ನ ಬದಿಗೆ ಬಡಿಯಿತು. ಆ ಹೊತ್ತಿಗೆ ನಾನು ಗಾಳಿ ಇಲ್ಲದೆ ಸಡಿಲವಾಗಿ ಜೋತುಬಿದ್ದಿದ್ದೆ. ರಾಚಪ್ಪನ ಗಂಟು ಹುರಿಯ ಮೇಲೆ ಜಾರಿತು. ಕಿಂಡಿ ಬಾಯಿ ತೆರೆಯಿತು. ಚೆಂಡು ಒಳಗೆ ಬಂದು ನನ್ನ ಮಡಿಲಲ್ಲಿ ಕುಳಿತಿತು. ಧೂಳೆದ್ದಿತ್ತು. ಧೂಳು ಇಳಿದಾಗ ಎಲ್ಲರಿಗೂ ಕಂಡದ್ದು ಬಲೆಯೊಳಗಿದ್ದ ಚೆಂಡು. ತೀರ್ಪು ಕೊಡುವ ಪಂಚರು ಸೀಟಿ ಊದಿದರು. ಗೋಲು.

ದಾವಲ ಓಡಿಹೋಗಿ, ಚೆಂಡು ಹೊರಗಿನಿಂದ ಬಂತು, ಬಲೆ ತೂರಿ ಬಂತು ಎಂದ. ಪಂಚರು ಒಳ್ಳೆಯ ಮನುಷ್ಯ. ಬಂದು ನನ್ನನ್ನು ನೋಡಿದರು. ತೂತು ಕಾಣಲಿಲ್ಲ. ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ರಾಚಪ್ಪ ಬಂದ. ತನ್ನ ಊರು ಸೋಲುತ್ತಿದೆ ಎಂಬುದು ಅವನ ತಲೆಯಲ್ಲಿರಲಿಲ್ಲ. ತನ್ನ ಬಲೆಯಲ್ಲಿ ತೂತಿದೆ ಎಂಬ ಮಾತು ಮಾತ್ರ ಅವನ ಕಿವಿಗೆ ಬಿದ್ದಿತ್ತು.

"ನನ್ನ ಗಂಟು ಬಿಚ್ಚಂಗಿಲ್ಲ," ಎಂದ. "ಬೇಕಾರ ಜಗ್ಗಿ ನೋಡ್ರಿ."

ಪಂಚರು ಜಗ್ಗಿದರು. ಜಗ್ಗಿದ ಕೂಡಲೇ ಗಂಟು ಬಿಗಿಯಿತು, ಕಿಂಡಿ ಮುಚ್ಚಿತು. ಜಗ್ಗಿದಷ್ಟೂ ಗಟ್ಟಿಯಾಗುವುದು ಆ ಗಂಟಿನ ಗುಣ. ಜಗ್ಗಬೇಡಿ, ಸಡಿಲ ಬಿಡಿ ಎಂದು ಕೂಗಬೇಕೆನ್ನಿಸಿತು ನನಗೆ. ದೇವರು ಬಲೆಗೆ ಮೈಯೆಲ್ಲ ಕಣ್ಣು ಕೊಟ್ಟ, ನಾಲಿಗೆ ಕೊಡಲಿಲ್ಲ. ಪಂಚರು ತಲೆಯಾಡಿಸಿ ಹೋದರು. ನಮ್ಮವರು ಸೋತರು.

ಸೋತದ್ದಷ್ಟೇ ಆಗಿದ್ದರೆ ಓಣಿ ಒಂದು ವಾರದಲ್ಲಿ ಮರೆಯುತ್ತಿತ್ತು. ಆದರೆ ಜನ ಬೇರೆ ಲೆಕ್ಕ ಹಾಕಿದರು. ಚೆಂಡು ದಾವಲನ ಕಾಲಸಂದಿಯಿಂದಲೇ ಒಳಗೆ ಹೋಗಿದೆ, ಹುಡುಗ ಅದನ್ನು ಮುಚ್ಚಲು ಕಥೆ ಕಟ್ಟಿದ ಎಂದರು. ರಾಚಪ್ಪನನ್ನು ಹೊಗಳಿದರು. ಸ್ವಂತ ಊರಿಗೆ ವಿರುದ್ಧವಾದರೂ ಸತ್ಯ ನುಡಿದ, ಇಂಥ ಮನುಷ್ಯ ನಮ್ಮ ಓಣಿಯಲ್ಲಿದ್ದಾನೆ, ಶುಕ್ರವಾರದ ಪೂಜೆಯಲ್ಲಿ ಅವನಿಗೆ ಶಾಲು ಹೊದಿಸೋಣ ಎಂದರು. ಮಾಸ್ತರರು ದಾವಲನನ್ನು ಕರೆದು, ಸುಳ್ಳು ಹೇಳುವವನನ್ನು ಗೋಲಿನಲ್ಲಿ ನಿಲ್ಲಿಸಲಾರೆ, ಕೋಲು ಪ್ಯಾಡು ಒಪ್ಪಿಸಿ ಹೋಗು ಎಂದರಂತೆ. ಬೀದಿಯ ಹುಡುಗರು ಅವನು ಕಂಡಲ್ಲೆಲ್ಲ ಕಾಲು ಅಗಲಿಸಿ ನಿಂತು ಅಣಕಿಸುತ್ತಿದ್ದರಂತೆ. ಅವನು ಮನೆಯಿಂದ ಹೊರಬೀಳುವುದನ್ನೇ ಬಿಟ್ಟ. ಈ ಮಾತುಗಳೆಲ್ಲ ಮಗ್ಗದ ಸದ್ದಿನ ನಡುವೆ ನನ್ನ ಕಿವಿಗೂ ಬೀಳುತ್ತಿದ್ದವು. ನನ್ನನ್ನು ಬಿಚ್ಚಿ ತಂದು ರಾಚಪ್ಪನ ಮನೆಯ ಮೂಲೆಯಲ್ಲಿ ಮೂಟೆ ಕಟ್ಟಿ ಎಸೆದಿದ್ದರು.

ರಾಚಪ್ಪ ನನ್ನನ್ನು ಬಿಚ್ಚಿ ನೋಡಲಿಲ್ಲ. ನಿದ್ದೆಗೆಟ್ಟ ಕಣ್ಣಿನಿಂದ ನನ್ನ ಕಡೆ ಬರುವನು, ನಿಲ್ಲುವನು, ಮತ್ತೆ ಮಗ್ಗಕ್ಕೆ ಹೋಗುವನು. ಲಾಳಿ ತಪ್ಪಿ ನೆಲಕ್ಕೆ ಬೀಳುತ್ತಿತ್ತು. ಅವನ ಕೈಯಿಂದ ಲಾಳಿ ಬಿದ್ದದ್ದನ್ನು ಶಂಕ್ರವ್ವ ಅಲ್ಲಿಯವರೆಗೆ ಕಂಡಿರಲಿಲ್ಲ.

ಗುರುವಾರ ಮಧ್ಯಾಹ್ನ ಹುಸೇನಸಾಬ ಮಗನನ್ನು ರಟ್ಟೆ ಹಿಡಿದು ಕರೆತಂದ. ಹೊಸ್ತಿಲ ಹೊರಗೇ ನಿಂತ. ರಾಚಪ್ಪ ಕಾಲಿಳಿಸಿ ಕುಳಿತಿದ್ದ ಮಗ್ಗದ ಕುಣಿಯಿಂದ ಎದ್ದು ಬಂದ.

"ಹುಡುಗ ತಪ್ಪು ಮಾಡ್ಯಾನ, ರಾಚಣ್ಣ. ಹಿರೇರ ಮಾತಿಗೆ ಎದುರು ಸುಳ್ಳು ಆಡ್ಯಾನ. ಹೊಟ್ಟ್ಯಾಗ ಹಾಕ್ಕೋ." ಮಗನ ಕುತ್ತಿಗೆಯನ್ನು ಬಗ್ಗಿಸಿ, "ಹೇಳು, ತಪ್ಪಾತು ಅನ್ನು," ಎಂದ.

ದಾವಲ ಬಗ್ಗಿ ರಾಚಪ್ಪನ ಕಾಲು ಮುಟ್ಟಿದ. ತಪ್ಪಾತು ಎನ್ನಲಿಲ್ಲ. ನೆಲವನ್ನೇ ನೋಡುತ್ತ ಹೇಳಿದ.

"ಚೆಂಡು ಹೊರಗಿಂದ ಬಂತು, ಕಾಕಾ. ನಾ ಕಣ್ಣಾರೆ ಕಂಡೇನಿ."

ಹುಸೇನಸಾಬ ಕೈಯೆತ್ತಿದ. ರಾಚಪ್ಪ ಆ ಕೈಯನ್ನು ಹಿಡಿದು, ಸಣ್ಣ ಹುಡುಗ, ಇರಲಿ, ನಾನು ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ ಎಂದ. ದೊಡ್ಡತನದ ಮಾತು. ಹುಸೇನಸಾಬನಿಗೆ ಕಣ್ಣು ತುಂಬಿ ಬಂತು. ಶಂಕ್ರವ್ವ ಒಳಗಿನಿಂದ ಎಲ್ಲವನ್ನೂ ನೋಡುತ್ತಿದ್ದಳು. ಅವರು ಹೋದ ಮೇಲೆ ಅವಳು ನನ್ನ ಮೂಟೆ ಬಿಚ್ಚಿದಳು. ಇಲಿ ಮುಟ್ಟದಿರಲೆಂದು ನೂಲಿನ ಉಂಡೆಗಳನ್ನು ಎಲ್ಲಿಯಾದರೂ ತೂಗುಹಾಕಬೇಕಿತ್ತು. ನನ್ನನ್ನು ಜೋಳಿಗೆಯಂತೆ ಮಾಡಿ ಗೂಟಕ್ಕೆ ಹಾಕಿ, ಉಂಡೆಗಳನ್ನು ನನ್ನೊಳಗೆ ತುಂಬಿದಳು.

ಉಂಡೆ ಹಾಕಿ ಕೈ ತೆಗೆದಳು. ಒಂದು ಉಂಡೆ ನನ್ನ ಬದಿಯಿಂದ ಜಾರಿ ನೆಲಕ್ಕೆ ಬಿದ್ದು ರಾಚಪ್ಪನ ಕಾಲ ಬಳಿಗೆ ಉರುಳಿತು.

ರಾಚಪ್ಪ ಅದನ್ನು ಎತ್ತಿಕೊಂಡ. ಮುಷ್ಟಿಯಷ್ಟಿತ್ತು, ಹಾಕಿ ಚೆಂಡಿನಷ್ಟೇ. ತೇಪೆ ಇದ್ದ ಜಾಗಕ್ಕೆ ಬಂದು ಹುರಿಯನ್ನು ಎಳೆದ. ಕಿಂಡಿ ಮುಚ್ಚಿತು. ಕೈ ಬಿಟ್ಟ. ಗಂಟು ಮೆಲ್ಲಗೆ ಜಾರಿತು, ಕಿಂಡಿ ತೆರೆಯಿತು. ಉಂಡೆಯನ್ನು ಒಳಗಿಟ್ಟ. ಅದು ಮತ್ತೆ ನೆಲಕ್ಕೆ ಬಿತ್ತು. ಎತ್ತಿ ಮತ್ತೆ ಇಟ್ಟ. ಮತ್ತೆ ಬಿತ್ತು.

ಅವನು ನನ್ನ ಎದುರು ಕುಸಿದು ಕುಳಿತ. ನನಗೆ ಅವನ ಮುಖ ಪೂರಾ ಕಾಣುತ್ತಿತ್ತು. ಅಷ್ಟು ವರ್ಷ ಆ ಗಂಟು ಅವನಿಗೆ ಮೋಸ ಮಾಡಿರಲಿಲ್ಲ. ಮಗ್ಗದ ಮೇಲೆ ನೂಲು ಸದಾ ಬಿಗಿಯಾಗಿರುತ್ತದೆ. ಬಾಲ ಕತ್ತರಿಸಿದ ಗಂಟು ಸಡಿಲಲ್ಲಿ ಹೇಗಿರುತ್ತದೆ ಎಂದು ನೋಡುವ ಪ್ರಸಂಗ ನೇಕಾರನಿಗೆ ಬರುವುದಿಲ್ಲ.

"ಇದನ್ನ ಈಗ ಬಿಚ್ಚಿ ಸರಿ ಗಂಟು ಹಾಕಿದ್ರ ಯಾರಿಗೂ ತಿಳ್ಯಾಂಗಿಲ್ಲ," ಎಂದ. ಹೆಂಡತಿಗೆ ಹೇಳಿದನೋ ತನಗೇ ಹೇಳಿಕೊಂಡನೋ.

ಶಂಕ್ರವ್ವ ಉಂಡೆಗಳನ್ನು ಸೆರಗಿನಲ್ಲಿ ತುಂಬಿಕೊಳ್ಳುತ್ತಿದ್ದಳು. "ನಾಳೆ ಶಾಲು ಹೊದಸ್ತಾರಂತ," ಎಂದಳು.

"ಹೂಂ."

"ಹೊದ್ಕೊಂಡು ಬರ್ತೀರೇನ್ರಿ?"

ಅವಳು ಕೇಳಿದ್ದು ಅಷ್ಟೇ. ಅಂದು ಅವನು ಊಟಕ್ಕೆ ಕುಳಿತು, ರೊಟ್ಟಿ ಮುರಿದು, ಹಾಗೆಯೇ ಎದ್ದ.

ಶುಕ್ರವಾರ ಬನಶಂಕರಿಯ ಗುಡಿಯ ಮುಂದೆ ಜಮಖಾನ ಹಾಸಿದ್ದರು. ಹಿರಿಯರು ಕುಳಿತಿದ್ದರು. ಸಣ್ಣಬಸಪ್ಪ ಮಾಸ್ತರರು ಹುಡುಗರ ತಂಡವನ್ನು ಸಾಲಾಗಿ ಕೂರಿಸಿದ್ದರು. ಸತ್ಯವೆಂದರೆ ಏನೆಂದು ಅವರು ನೋಡಿ ಕಲಿಯಲಿ ಎಂದು. ರಾಚಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ಬಂದ. ಅವನ ಹೆಗಲ ಎಲುಬು ನನಗೆ ಒತ್ತುತ್ತಿತ್ತು. ಜನ, ಬಲೆಯನ್ನೂ ಪೂಜೆಗೆ ತಂದಿದ್ದಾನೆ ಎಂದುಕೊಂಡರು. ಅವನು ಶಾಲಿನ ತಟ್ಟೆಯ ಹತ್ತಿರ ಹೋಗಲಿಲ್ಲ. ಹುಸೇನಸಾಬನನ್ನೂ ದಾವಲನನ್ನೂ ಕರೆಸಿ ಎಂದ. ಅವರು ಬರುವವರೆಗೆ ನಿಂತೇ ಇದ್ದ.

ಅವರು ಬಂದ ಮೇಲೆ ಇಬ್ಬರು ಹುಡುಗರಿಗೆ ನನ್ನನ್ನು ಎರಡು ಕಡೆ ಹಿಡಿದು ಬಿಗಿಯಾಗಿ ಎಳೆಯಲು ಹೇಳಿದ. ಮಾಸ್ತರರ ಕೈಗೆ ಚೆಂಡು ಕೊಟ್ಟು, ತೇಪೆಯಲ್ಲಿ ತೂರಿಸಿ ನೋಡಿ ಎಂದ. ಅದು ತೂರಲಿಲ್ಲ. ಈಗ ಗೋಲಿಗೆ ಕಟ್ಟಿದಂತೆ ಸಡಿಲ ಬಿಡಿ ಎಂದು ಹುಡುಗರಿಗೆ ಹೇಳಿದ. ನಾನು ಜೋತುಬಿದ್ದೆ. ಈಗಲೂ ಗಂಟು ಹಿಡಿದುಬಿಟ್ಟರೆ ಏನು ಗತಿ ಎಂದು ತಾಯಿ ಬನಶಂಕರಿಯನ್ನು ನೆನೆದೆ. ಮಾಸ್ತರರು ಚೆಂಡನ್ನು ಮೆಲ್ಲಗೆ ಒತ್ತಿದರು. ಗಂಟು ಜಾರಿತು. ಚೆಂಡು ಆಚೆ ಬದಿಯಲ್ಲಿ ಜಮಖಾನದ ಮೇಲೆ ಬಿತ್ತು.

ರಾಚಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ.

"ಅವತ್ತು ನಾ ಗೊತ್ತಿಲ್ಲದ್ದನ್ನ ಗೊತ್ತೈತಿ ಅಂತ ಹೇಳಿದೆ. ಈ ಹುಡುಗ ಕಂಡದ್ದನ್ನ ಹೇಳಿದ. ಶಾಲು ಕೊಡೂದಿದ್ರ ಯಾರಿಗೆ ಕೊಡಬೇಕಂತ ನೀವ ನೋಡ್ರಿ."

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಹುಸೇನಸಾಬ ಮಗನ ತಲೆಯ ಮೇಲೆ ಕೈಯಿಟ್ಟ. ಹಿಂದಿನ ದಿನ ಅದೇ ಕೈ ಹೊಡೆಯಲು ಎದ್ದಿತ್ತು. ದಾವಲ ಮಾತ್ರ ನನ್ನ ಹತ್ತಿರ ಬಂದು ಚೆಂಡನ್ನು ಎತ್ತಿಕೊಂಡು, ತಾನೂ ಒಮ್ಮೆ ಆ ಕಿಂಡಿಯಲ್ಲಿ ತೂರಿಸಿದ. ಅದು ಆಚೆ ಬಿದ್ದಾಗ ಅವನ ಎದೆಯಿಂದ ಒಂದು ಉಸಿರು ಹೊರಬಂತು. ನನ್ನ ಹುರಿಗಳು ಅಲುಗಿದವು. ಅಷ್ಟು ದಿನದಿಂದ ಅವನು ಆ ಉಸಿರನ್ನು ಎಲ್ಲಿ ಹಿಡಿದಿಟ್ಟಿದ್ದನೋ.

ಜನರಲ್ಲಿ ಮೊದಲು ಮಾತೆತ್ತಿದವನು ರಾಚಪ್ಪನ ಪಕ್ಕದ ಮನೆಯ ನೇಕಾರ ಗುರಪ್ಪ. "ಹಂಗಾದ್ರ ಶಾಲು ಆಡಿಗೆ ಹೊದಸೂಣೇನು, ರಾಚಣ್ಣ? ಇಷ್ಟೆಲ್ಲಾ ಅದರ ಪ್ರತಾಪ," ಎಂದ.

"ನನ್ನ ಆಡಿನ ಸುದ್ದಿ ತಗೀಬ್ಯಾಡ್ರಿ," ಎಂದು ಹೆಂಗಸರ ನಡುವಿನಿಂದ ಶಂಕ್ರವ್ವ ಹೇಳಿದಳು. "ಅದು ಗಂಜಿ ಕಂಡು ತಿಂದೈತಿ. ಗಂಜಿ ಹಾಕಿದಾಕಿ ನಾನು. ನಿಮ್ಮ ಮನ್ಯಾಗ ಯಾರು ಹಾಕೂದಿಲ್ಲ, ಹೇಳ್ರಿ ನೋಡೂಣು."

ಮೊದಲು ಹೆಂಗಸರು ನಕ್ಕರು. ಆಮೇಲೆ ಎಲ್ಲರೂ. ಕಡೆಗೆ ರಾಚಪ್ಪನೂ ನಕ್ಕ. ಹುಸೇನಸಾಬ ಅಲ್ಲೇ ಕುಳಿತು ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು ತೇಪೆಯನ್ನು ಪೂರಾ ಬಿಚ್ಚಿ ಮತ್ತೆ ಹೆಣೆದ. ರಾಚಪ್ಪ ಪಕ್ಕದಲ್ಲಿ ಕುಳಿತು ಹುರಿ ಕೊಡುತ್ತಿದ್ದ. ಶಾಲು ಬೇಡ ಎಂದು ದಾವಲ ನಾಚಿ ಓಡಿದ. ಹೆಂಗಸರು ಅದನ್ನು ಮಡಚಿ ಹೊಲಿದು ಅವನ ಪ್ಯಾಡುಗಳ ಒಳಗೆ ತುಂಬಿದರು. ಮಾಸ್ತರರು ಕೋಲನ್ನು ತಾವೇ ಅವನ ಮನೆಗೆ ಒಯ್ದು ಕೊಟ್ಟು ಬಂದರು.

ಪಂದ್ಯಾವಳಿಯ ಕಪ್ಪು ನಮಗೆ ಬರಲಿಲ್ಲ. ಸೀಟಿ ಊದಿದ ಮೇಲೆ ಮುಗಿಯಿತು. ಆದರೆ ಸುದ್ದಿ ಕೇಳಿದ ಎದುರಾಳಿ ಊರಿನ ಮಾಸ್ತರರು ಬಸ್ಸು ಹತ್ತಿ ಬಂದು, ಗುಡಿಯ ಕಟ್ಟೆಯ ಮೇಲೆ ಚಹಾ ಕುಡಿದು, ಕಪ್ಪಿನ ಮಾತು ಬಿಡಿ, ಹುಡುಗರು ಇನ್ನೊಮ್ಮೆ ಆಡಲಿ ಎಂದರು. ಮುಂದಿನ ಅಮಾವಾಸ್ಯೆಗೆ ಆಡಿದರು. ನಮ್ಮವರು ಮತ್ತೆ ಸೋತರು. ಈ ಸಲ ಒಂದು ಚೆಂಡು ದಾವಲನ ಕಾಲಸಂದಿಯಿಂದಲೇ ನನ್ನ ಮಡಿಲಿಗೆ ಬಂತು. ಅವನೇ ತಿರುಗಿ ನನ್ನನ್ನು ನೋಡಿ, ಇದು ನನ್ನದು ಎಂದು ಕೈಯೆತ್ತಿ ಪಂಚರಿಗೆ ತೋರಿಸಿದ. ಓಣಿಯ ಜನ ಚುರುಮರಿ ತಿನ್ನುತ್ತ ಮನೆಗೆ ಹೋದರು. ಅದು ಎಷ್ಟು ನಿರಾಳವಾದ ಸೋಲು ಎಂದರೆ, ಗೆದ್ದ ದಿನ ಕೂಡ ನಾನು ಅವರನ್ನು ಅಷ್ಟು ಹಗುರವಾಗಿ ಕಂಡಿಲ್ಲ. ಗೆಲುವೂ ಆಮೇಲೆ ಬಂತು. ಅದರ ಕಥೆ ಹೇಳಲು ಬೇರೆಯವರಿದ್ದಾರೆ.

ಹಲವು ವರ್ಷ ನಾನು ಆ ಬಯಲಿನಲ್ಲಿದ್ದೆ. ಗೋಲ್‌ಕೀಪರುಗಳು ಬದಲಾದರು, ಬೆನ್ನುಗಳು ಬದಲಾದವು. ಆಮೇಲೆ ನೈಲಾನಿನ ಬಲೆ ಬಂತು. ಅದು ಮಳೆಗೆ ನೆನೆಯದು, ಆಡಿಗೆ ರುಚಿಸದು. ತಮ್ಮ ಮೊದಲೇ ಜೀರ್ಣವಾಗಿ ಹೋಗಿದ್ದ. ನನ್ನನ್ನು ಹುಸೇನಸಾಬ ಚಕ್ಕಡಿಗೆ ಕಟ್ಟಿಕೊಂಡ. ಕೆಲವು ಕಾಲ ಮೇವು ಹೊತ್ತೆ. ಎತ್ತುಗಳು ನನ್ನ ಮೇಲೆ ಉಸಿರು ಬಿಡುತ್ತಿದ್ದವು, ಒಳ್ಳೆಯ ದಿನಗಳು. ಹುಸೇನಸಾಬ ತೀರಿಕೊಂಡ. ಚಕ್ಕಡಿ ಹೋಗಿ ದಾವಲನ ಟೆಂಪೋ ಬಂತು. ಅವನು ದೊಡ್ಡ ತಂಡಗಳಿಗೇನೂ ಆಡಲಿಲ್ಲ. ಹಗಲು ಸಾಮಾನು ಸಾಗಿಸುತ್ತ, ಸಂಜೆ ಅದೇ ಬಯಲಿನಲ್ಲಿ ಓಣಿಯ ಹುಡುಗರನ್ನು ಆಡಿಸುತ್ತ ಮುದುಕನಾದ. ಅವನು ಹುಡುಗರಿಗೆ ಮೊದಲು ಕಲಿಸುವುದು, ಚೆಂಡು ಎಲ್ಲಿಂದ ಬಂತೆಂದು ಕಂಡಷ್ಟನ್ನೇ ಹೇಳುವುದನ್ನು. ಕಾಣದಿದ್ದರೆ ಕಾಣಲಿಲ್ಲ ಎನ್ನುವುದನ್ನು.

ಶಂಕ್ರವ್ವ ಹೋದ ಮೇಲೆ ರಾಚಪ್ಪ ಹೆಚ್ಚಾಗಿ ಈ ಪಡಸಾಲೆಗೆ ಬಂದು ಕೂರುತ್ತಿದ್ದ. ಮಾಬುಬಿ ಚಹಾ ಕೊಡುತ್ತಿದ್ದಳು. ಕಣ್ಣು ಮಂಜಾಗಿತ್ತು. ಕೈಗೆ ನಿಲುಕಿದಷ್ಟು ನನ್ನನ್ನು ತಡವುತ್ತ, ಬಂದ ಹುಡುಗರಿಗೆಲ್ಲ ಆ ಕಥೆಯನ್ನು ತಾನೇ ಹೇಳುತ್ತಿದ್ದ. ಚಂದ್ರಿಯ ಭಾಗ ಬಂದಾಗ ತಾನೇ ಮೊದಲು ನಗುತ್ತಿದ್ದ. ಒಮ್ಮೆ ಹುಡುಗರು ಎದ್ದು ಹೋದ ಮೇಲೆ ದಾವಲಸಾಬನಿಗೆ ಮೆಲ್ಲಗೆ ಹೇಳಿದ.

"ಅವತ್ತು ಆ ಶಾಲು ಹೊದ್ಕೊಂಡಿದ್ರ ಇವತ್ತಿನ ತನಕ ಮೈ ಉರೀತಿತ್ತು, ದಾವಲಾ. ತಾಯಿ ಕಾಪಾಡಿದ್ಲು."

"ತಾಯಿ ಅಲ್ಲ ಕಾಕಾ, ಕಾಕಿ," ಎಂದ ದಾವಲಸಾಬ.

"ಅದೂ ಖರೆ," ಎಂದು ಮುದುಕ ತಲೆಯಾಡಿಸಿದ.

ಇಂದು ಮಧ್ಯಾಹ್ನ ಅವನನ್ನು ಮಣ್ಣು ಮಾಡಿ ಬಂದರು. ದಾವಲಸಾಬ ಹೆಗಲು ಕೊಟ್ಟನಂತೆ. ಆಡುವ ಹುಡುಗರೆಲ್ಲ ಹಿಂದೆ ನಡೆದರಂತೆ. ಈಗ ದಾವಲಸಾಬ ಮೈ ತೊಳೆದುಕೊಂಡು ಬಂದು ನನ್ನ ಕೆಳಗೆ ಗೋಡೆಗೆ ಒರಗಿ ಕುಳಿತಿದ್ದಾನೆ. ತುಟಿ ಅಲುಗುತ್ತಿದೆ. ಅವನು ತನ್ನ ದೇವರನ್ನು ಕೇಳುತ್ತಿದ್ದಾನೆ. ನಾನು ನನ್ನ ತಾಯಿಯನ್ನು ಕೇಳುತ್ತೇನೆ.

ನನ್ನ ಹುರಿಗಳು ಜೀರ್ಣವಾಗಿವೆ, ಮುಟ್ಟಿದರೆ ಪುಡಿ ಉದುರುತ್ತದೆ. ನನಗೂ ಹೆಚ್ಚು ಕಾಲವಿಲ್ಲ. ನೂರಾರು ಚೆಂಡುಗಳನ್ನು ಹಿಡಿದೆ. ನೆನಪಿನಲ್ಲಿ ಉಳಿದದ್ದು ಹೊರಗಿನಿಂದ ಬಂದಾಗ ತಡೆಯಲಾಗದೆ ಹೋದದ್ದು ಒಂದೇ. ಅದಕ್ಕಾಗಿ ಒಂದು ಕಾಲದಲ್ಲಿ ಬಹಳ ಕೊರಗಿದೆ. ಈಗ ಇಲ್ಲ. ನನಗೆ ಜನ್ಮ ಕೊಟ್ಟವನು ಎಲ್ಲರ ಎದುರು ತಲೆಬಾಗಿದ ದಿನವೇ ನೆಟ್ಟಗೆ ನಿಂತದ್ದನ್ನು ನಾನು ಕಂಡಿದ್ದೇನೆ. ದುಃಖವಿದೆ, ಆದರೆ ಅದರಲ್ಲಿ ಮುಳ್ಳಿಲ್ಲ.

ತಾಯಿ ಬನಶಂಕರಿ, ರಾಚಪ್ಪ ನಿನ್ನ ಬಳಿಗೆ ಬಂದಿದ್ದಾನೆ. ಕಣ್ಣು ಸರಿಯಾಗಿ ಕಾಣುವುದಿಲ್ಲ, ಕೈ ಹಿಡಿದು ಕರೆದುಕೋ. ಜೀವಮಾನವಿಡೀ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕುಳಿತು ದುಡಿದ ಮನುಷ್ಯ. ಕಾಲು ಚಾಚಿ ವಿಶ್ರಮಿಸಲಿ. ಅವನ ಆತ್ಮಕ್ಕೆ ಶಾಂತಿ ಕೊಡು, ತಾಯಿ.